ನಾಲ್ಕು ಗಂಟೆಯ ಫೋನು

ಆ ಬಡಾವಣೆಯಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಅಂತಲೇ ಕರೆಯುತ್ತಿದ್ದರು. ಹಾಗಂತ ಅವಳು ಯಾವ ಶಾಲೆಯ ಟೀಚರೂ ಅಲ್ಲ. ನೀರಿನ ಟ್ಯಾಂಕಿನ ಹಿಂದೆ, ಹಳೇ ಗೋದಾಮಿನ ಎರಡು ಕೋಣೆಗಳಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಮಕ್ಕಳ ಮನೆಯಲ್ಲಿ ಅವಳ ಕೆಲಸ. ಕೂಲಿಗೆ, ಕಾರ್ಖಾನೆಗೆ ಹೋದ ಅಪ್ಪ ಅಮ್ಮಂದಿರು ಸಂಜೆ ಮನೆ ಸೇರುವ ತನಕ ಮಕ್ಕಳು ಅಲ್ಲಿರುತ್ತಿದ್ದರು. ಹೋಂವರ್ಕು, ಆಟ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ದೊಡ್ಡ ಮಕ್ಕಳಿಗೆ ವಾರಕ್ಕೆರಡು ದಿನ ಡ್ರಮ್ಮು, ನಾಟಕ. ಹನ್ನೊಂದು ವರ್ಷ ಮೂಗು ಒರೆಸಿ, ಜಗಳ ಬಿಡಿಸಿ, ಕಳೆದುಹೋದ ಚಪ್ಪಲಿ ಹುಡುಕಿಕೊಟ್ಟು ಅವಳು ಟೀಚರಮ್ಮ ಆಗಿದ್ದಳು.

ಕಾಯಿಲೆ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಮಕ್ಕಳ ಮನೆಗೂ ಬೀಗ ಬಿತ್ತು. ಟ್ರಸ್ಟಿನ ಮೇಡಂ ಎರಡನೇ ದಿನವೇ ಕೆಲಸದವರನ್ನೆಲ್ಲ ಅಂಗಳದಲ್ಲಿ ದೂರ ದೂರ ನಿಲ್ಲಿಸಿಕೊಂಡು ಮಾತಾಡಿದರು.

“ಬೀಗ ಕಟ್ಟಡಕ್ಕೆ ಹಾಕಿರೋದು, ಮಕ್ಕಳಿಗಲ್ಲ. ಒಬ್ಬೊಬ್ಬರಿಗೆ ನಲವತ್ತು ಮಕ್ಕಳು. ವಾರಕ್ಕೊಂದು ಸಲ ಮನೆ ಬಾಗಿಲಿಗೆ ಪೆಟ್ಟಿಗೆ ಹೋಗಬೇಕು. ಅಕ್ಕಿ, ಬೇಳೆ, ಹಾಲಿನ ಪುಡಿ, ಬಣ್ಣದ ಪೆನ್ಸಿಲ್ಲು, ಓದೋದಕ್ಕೆ ಏನಾದರೂ. ದಿನಾ ನಾಲ್ಕು ಗಂಟೆಯಿಂದ ಫೋನು. ದೊಡ್ಡವರ ಹತ್ತಿರ ಅಲ್ಲ, ಮಗು ಹತ್ತಿರಾನೇ ಮಾತಾಡಬೇಕು. ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೀಬೇಕು. ಎರಡು ದಿನ ಫೋನು ಸಿಗಲಿಲ್ಲ ಅಂದ್ರೆ ಮನೆಗೇ ಹೋಗಿ ನೋಡಿ. ಆಗದಿದ್ರೆ ನನಗೆ ಹೇಳಿ.”

“ನಿಮಗೆ ಹೇಳೋ ಪ್ರಸಂಗ ಬರಲ್ಲ ಮೇಡಂ. ನಮ್ಮ ಮಕ್ಕಳನ್ನ ನಾನು ಬಿಡ್ತೀನಾ?” ಅಂದಳು ಟೀಚರಮ್ಮ. ಮೇಡಂ ಎಲ್ಲರೆದುರೂ ಅವಳತ್ತ ಕೈ ತೋರಿಸಿ, “ನೋಡಿ, ಹೀಗಿರಬೇಕು,” ಅಂದರು.

ಮೊದಲ ಎರಡು ವಾರ ಅವಳ ಮನೆ ಮನೆಯ ಹಾಗಿರಲಿಲ್ಲ. ನಡುಮನೆಯ ತುಂಬ ಪೆಟ್ಟಿಗೆಗಳು. ಗಂಡನ ಸೈಕಲ್ ರಿಪೇರಿ ಅಂಗಡಿ ಮುಚ್ಚಿತ್ತು. ಪಂಕ್ಚರ್ ಹಾಕಿದ ಕೈಯಲ್ಲೇ ಅವನು ಬೇಳೆ ಅಳೆದು ಪೊಟ್ಟಣ ಕಟ್ಟುತ್ತಿದ್ದ. ಹತ್ತನೇ ಕ್ಲಾಸಿನ ಮಗಳು ಹಾಳೆಗಳಲ್ಲಿ ಒಗಟು, ಲೆಕ್ಕ, ಚಿತ್ರ ಬರೆದು ಒಂದೊಂದು ಪೆಟ್ಟಿಗೆಗೆ ಒಂದೊಂದು ತುರುಕುತ್ತಿದ್ದಳು. ಅವಳೂ ಮಕ್ಕಳ ಮನೆಯ ಡ್ರಮ್ ಗುಂಪಿನವಳು. ಕೋಲು ಕೈಗೆ ಸಿಗದೆ ಈಗ ಪೆಟ್ಟಿಗೆಯ ಮೇಲೇ ತಾಳ ಹಾಕಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದಳು.

ಅತ್ತೆಗೆ ಉಬ್ಬಸ. ಅವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸೊಸೆ ಹೊರಗಿನಿಂದ ಬಂದಾಗೆಲ್ಲ ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. “ಸೀರೆ ಹೊರಗೇ ನೆನೆಸು. ಮೊಣಕೈವರೆಗೂ ಸೋಪು ಹಚ್ಚು. ಇನ್ನೊಂದು ಸಲ.”

“ತೊಳೆದೂ ತೊಳೆದೂ ಚರ್ಮ ಸುಲೀತಿದೆ ಅತ್ತೆ.”

“ಚರ್ಮ ಬರುತ್ತೆ. ಉಸಿರು ಬರಲ್ಲ.”

ಮೂರನೇ ವಾರ ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಒಂದೇ ಮನೆಯ ಇಬ್ಬರು ತೀರಿಕೊಂಡರು. ಅವಳ ನಲವತ್ತು ಮಕ್ಕಳಲ್ಲಿ ಒಂದು ಮಗು ಆ ಓಣಿಯದು. ಎಂಟು ವರ್ಷದ ಹುಡುಗಿ, ದುಂಡಗೆ ಪುಟ್ಟಗೆ ಇದ್ದದ್ದಕ್ಕೆ ಬಟಾಣಿ ಅಂತ ಹೆಸರು ಬಿದ್ದಿತ್ತು. ಅಪ್ಪ ಗೋಡೆಗೆ ಬಣ್ಣ ಹೊಡೆಯುವ ಪೇಂಟರ್. ಅಮ್ಮ ಇಲ್ಲ. ನಾಲ್ಕು ವರ್ಷದ ತಮ್ಮ ಅಕ್ಕನ ಲಂಗ ಹಿಡಿದುಕೊಂಡೇ ಓಡಾಡುವವನು.

ಆ ದಿನ ಊಟಕ್ಕೆ ಕೂತಾಗ ಅತ್ತೆ ತಟ್ಟೆ ಮುಟ್ಟಲಿಲ್ಲ.

“ಆ ಓಣಿಗೆ ಹೋಗಲ್ಲ ಅಂತ ಹೇಳು. ಆಮೇಲೆ ಉಣ್ತೀನಿ.”

“ಅತ್ತೆ, ಅದು ನನ್ನ ಕೆಲಸ.”

“ಕೆಲಸ ಬೇಡ ಅಂದ್ನಾ? ಮೂವತ್ತೊಂಬತ್ತು ಮಕ್ಕಳ ಮನೆಗೆ ಹೋಗು. ಅದೊಂದು ಓಣಿ ಬಿಡು.”

ಗಂಡ ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದ. “ಪೆಟ್ಟಿಗೆಯನ್ನ ಓಣಿ ಬಾಯಲ್ಲಿ ಹಾಲಿನವನ ಕೈಗೆ ಕೊಟ್ಟರಾಯ್ತಲ್ಲ. ಅವನು ಹೇಗೂ ಒಳಗೆ ಹೋಗ್ತಾನೆ. ಬಾಗಿಲಲ್ಲಿ ಇಟ್ಟು ಬರ್ತಾನೆ.”

“ಫೋನಂತೂ ಇದೆಯಲ್ಲಮ್ಮ,” ಅಂದಳು ಮಗಳು.

ಹಾಗೇ ಆಗಲಿ ಅಂದಳು ಟೀಚರಮ್ಮ. ಅತ್ತೆ ತಟ್ಟೆ ಎಳೆದುಕೊಂಡರು. ಒಪ್ಪಿಕೊಂಡಾಗ ಮೈಮೇಲಿನ ಭಾರ ಇಳಿದಂತಾದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅತ್ತೆ ಹಟ ಹಿಡಿಯುವ ಮೊದಲೇ ಅವಳು ಆ ಓಣಿಯ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಸರಿಸಿಟ್ಟಿದ್ದಳು.

ನಾಲ್ಕು ದಿನ ಕಳೆದ ಮೇಲೆ ಪೇಂಟರನ ಫೋನು ಸ್ವಿಚ್ ಆಫ್ ಬಂತು. ಮೂರು ಸಲ ಮಾಡಿದಳು. ಉಳಿದವರಿಗೆಲ್ಲ ಮಾಡಿ ಮುಗಿಸಿ ಮತ್ತೆ ಮಾಡಿದಳು. ಚಾರ್ಜ್ ಇರಲಿಕ್ಕಿಲ್ಲ, ನಾಳೆ ಹೇಗೂ ಸಿಗುತ್ತಾನೆ ಅಂದುಕೊಂಡು ಬಟಾಣಿಯ ಹೆಸರಿನ ಮುಂದೆ ‘ಚೆನ್ನಾಗಿದ್ದಾಳೆ’ ಅಂತ ಬರೆದಳು. ಮಾರನೇ ದಿನವೂ ಸ್ವಿಚ್ ಆಫ್; ಮತ್ತೆ ಅದನ್ನೇ ಬರೆದಳು. ಮೂರನೇ ದಿನ ಪುಸ್ತಕ ಎದುರಿಗಿಟ್ಟುಕೊಂಡು ಪೆನ್ನು ಹಿಡಿದು ಸುಮಾರು ಹೊತ್ತು ಕೂತಳು. ಹೋಗಬೇಕು, ಇಲ್ಲ ಹೇಳಬೇಕು. ಹೇಳಿದರೆ ಮೇಡಂ, ಎರಡು ದಿನ ಏನು ಮಾಡ್ತಿದ್ರಿ ಅಂತ ಕೇಳುತ್ತಾರೆ. ಮೊದಲೆರಡು ದಿನದ ಬರಹ ಅಲ್ಲೇ ಇದೆ. ಅವಳು ‘ಚೆನ್ನಾಗಿದ್ದಾಳೆ, ಚಿತ್ರ ಬಿಡಿಸಿದಳಂತೆ’ ಅಂತ ಬರೆದಳು.

ಆಮೇಲೆ ಅದು ಸಲೀಸಾಯಿತು. ಬರೀ ‘ಚೆನ್ನಾಗಿದ್ದಾಳೆ’ ಅಂತ ಬರೆದರೆ ಖಾಲಿ ಖಾಲಿ ಕಾಣುತ್ತದೆ ಅಂತ ದಿನಾ ಏನಾದರೊಂದು ಸೇರಿಸಿದಳು. ತಮ್ಮನ ಜೊತೆ ಜಗಳವಾಯಿತಂತೆ. ಒಗಟು ಬಿಡಿಸಿದಳು. ಹಲ್ಲು ಬಿತ್ತು ಅಂತ ಹೇಳಿ ನಕ್ಕಳು. ನಡುವೆ ಒಂದು ದಿನ ಹಾಲಿನವನ ಕೈಯಲ್ಲಿ ಪೆಟ್ಟಿಗೆ ಕಳಿಸಿ, “ಪೇಂಟರ್ ಮನೇಲಿ ಎಲ್ಲ ಹೇಗಿದಾರೆ?” ಅಂತ ಕೇಳಿದ್ದಳು. “ಬಾಗಿಲು ಮುಚ್ಚಿರುತ್ತೆ ಟೀಚರಮ್ಮ. ಎಲ್ಲರದೂ ಮುಚ್ಚಿರುತ್ತೆ,” ಅಂದಿದ್ದ. ಅಷ್ಟನ್ನೇ ಅವಳು ಸಮಾಧಾನ ಅಂತ ಮನೆಗೆ ತಂದಿದ್ದಳು.

ಹೀಗೆ ಒಂಬತ್ತು ದಿನ. ಹತ್ತನೇ ದಿನ ಬೆಳಿಗ್ಗೆ ಅವಳಿಗೇ ಜ್ವರ ಬಂತು.

ಅವಳನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರು. ಗಂಡ ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ ದೂರ ಸರಿಯುತ್ತಿದ್ದ. ಅತ್ತೆಯನ್ನು ಮುಂದಿನ ಕೋಣೆಗೆ ಸಾಗಿಸಿದ್ದಾಯಿತು. ಮನೆಯವರು ಯಾರೂ ಹೊರಗೆ ಕಾಲಿಡಬಾರದು ಅಂತ ಆರೋಗ್ಯದವರು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಪೆಟ್ಟಿಗೆಯ ಕೆಲಸವನ್ನು ಮೇಡಂ ಬೇರೆಯವರಿಗೆ ಕೊಟ್ಟರು. ಫೋನಿನ ಕೆಲಸವನ್ನು ಮಗಳು ಬಿಡಲಿಲ್ಲ.

“ನಾನು ಮಾಡ್ತೀನಮ್ಮ. ಹೇಗೂ ಎಲ್ಲರೂ ಗೊತ್ತಿರೋರೇ.”

ಬೇಡ ಅನ್ನಲು ಟೀಚರಮ್ಮನಿಗೆ ಬಾಯಿ ಬರಲಿಲ್ಲ. ಬೇಡ ಅನ್ನಲು ಕಾರಣ ಹೇಳಬೇಕಿತ್ತು.

ಐದು ಗಂಟೆಯ ಸುಮಾರಿಗೆ ಬಾಗಿಲ ಆಚೆ ಮಗಳ ದನಿ ಕೇಳಿಸಿತು. “ಅಮ್ಮಾ, ಎದ್ದಿದೀಯಾ? ಬಟಾಣಿ ಅಪ್ಪಂದು ಬೇರೆ ನಂಬರ್ ಇದೆಯಾ?”

“ಇಲ್ಲ.”

“ಸ್ವಿಚ್ ಆಫ್ ಬರ್ತಿದೆ. ನಿನ್ನೆ ಯಾವ ನಂಬರಿಗೆ ಮಾಡಿದೆ?”

ಟೀಚರಮ್ಮ ಹೊದಿಕೆ ಎಳೆದುಕೊಂಡಳು. “ಅದಕ್ಕೇ.”

“ಸಿಕ್ಕಿತ್ತಲ್ಲ ನಿನ್ನೆ. ಹಾಡು ಹೇಳಿದಳು ಅಂತ ಬರ್ದಿದೀಯ.”

ಆಚೆ ಹಾಳೆ ತಿರುವಿದ ಸದ್ದು. ಒಂದು, ಎರಡು, ಮೂರು. ಮಗಳ ದನಿ ಈ ಸಲ ಬಾಗಿಲಿಗೆ ತೀರಾ ಹತ್ತಿರವಿತ್ತು.

“ಅಮ್ಮಾ. ಎಷ್ಟು ದಿನದಿಂದ ಸಿಕ್ಕಿಲ್ಲ?”

“ಒಂಬತ್ತು.”

“ಹಲ್ಲು ಬಿದ್ದಿದ್ದೂ ಸುಳ್ಳಾ?”

ಟೀಚರಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಜ್ವರ ನೂರಾಮೂರು ಇತ್ತು. ಆದರೆ ಮುಖ ಸುಟ್ಟದ್ದು ಜ್ವರಕ್ಕಲ್ಲ. ಮಗಳು ಅಲ್ಲಿ ಮತ್ತೆ ನಿಲ್ಲಲಿಲ್ಲ. ಅವಳು ನಡುಮನೆಯಲ್ಲಿ ಮೇಡಂಗೆ ಫೋನು ಮಾಡಿ, “ಬಟಾಣಿ ಮನೆಯಲ್ಲಿ ಯಾರೂ ಸಿಗ್ತಿಲ್ಲ. ಈಗಲೇ ಹೋಗಬೇಕು ಮೇಡಂ, ನಾಳೆ ಅಲ್ಲ,” ಅಂದದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು.

ಮೇಡಂ ಒಬ್ಬ ನರ್ಸಮ್ಮನನ್ನು ಕರೆದುಕೊಂಡು ತಾವೇ ಹೋದರು. ಒಂದು ಗಂಟೆಯ ಮೇಲೆ ಸುದ್ದಿ ಬಂತು. ಪೇಂಟರ್ ಮೂರು ದಿನ ಮನೆಯಲ್ಲೇ ಜ್ವರದಲ್ಲಿ ಬಿದ್ದಿದ್ದ. ಚಾರ್ಜರ್ ಕೆಟ್ಟಿತ್ತು. ಉಸಿರು ಕಟ್ಟತೊಡಗಿದ ಮೇಲೆ ಅಕ್ಕಪಕ್ಕದವರು ಆಂಬುಲೆನ್ಸ್ ಕರೆಸಿದರು. ಮಕ್ಕಳನ್ನು ಯಾರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ಒಬ್ಬರಿಬ್ಬರು ಕಾಂಪೌಂಡಿನ ಮೇಲೆ ಬ್ರೆಡ್ಡು ಇಟ್ಟು ಹೋದರು. ಆರು ದಿನ ಬಟಾಣಿಯೇ ತಮ್ಮನನ್ನು ನೋಡಿಕೊಂಡಿದ್ದಳು. ಪೆಟ್ಟಿಗೆಯ ಅಕ್ಕಿಯಲ್ಲಿ ಗಂಜಿ ಬೇಯಿಸಿದ್ದಳು. ಮೂರನೇ ದಿನ ಪಾತ್ರೆ ಇಳಿಸುವಾಗ ಕುದಿಯುವ ಗಂಜಿ ಬಲಗೈ ಮೇಲೆ ಬಿದ್ದಿತ್ತು. ಅಪ್ಪನ ಹಳೇ ಅಂಗಿಯ ತೋಳು ಹರಿದು ಸುತ್ತಿಕೊಂಡಿದ್ದಳು. ಬಣ್ಣದ ಕಲೆಯ ಆ ಬಟ್ಟೆ ಕೈಗೇ ಅಂಟಿಕೊಂಡು ಕೀವಾಗಿತ್ತು. ಮೇಡಂ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಿದ್ದರು.

ಗಂಡ ಇದನ್ನೆಲ್ಲ ಬಾಗಿಲ ಹೊರಗೆ ನಿಂತು, ಪೇಪರ್ ಓದಿದವನ ಹಾಗೆ ಒಂದೇ ದನಿಯಲ್ಲಿ ಹೇಳಿದ. ಕೊನೆಗೆ, “ಮೇಡಂ ಕೇಳಿದ್ರಂತೆ, ಇಷ್ಟು ದಿನ ಆ ಮನೇಲಿ ಫೋನು ಯಾರು ತೆಗೀತಿದ್ರು ಅಂತ,” ಅಂದ.

“ಮಗಳು ಏನಂದ್ಲು?”

“ಅಮ್ಮ ಹುಷಾರಾದ ಮೇಲೆ ಅಮ್ಮನ್ನೇ ಕೇಳಿ ಅಂದ್ಲು.”

ಟೀಚರಮ್ಮ ಹದಿನೈದನೇ ದಿನ ಕೋಣೆಯಿಂದ ಹೊರಬಂದಳು. ಅತ್ತೆಗೆ ಏನೂ ಆಗಿರಲಿಲ್ಲ. ಮಗಳು ಅಡುಗೆ ಕಲಿತಿದ್ದಳು. ಅನ್ನ ಬಡಿಸಿ, ಬೇಳೆ ಬಡಿಸಿ, ನೀರು ಇಟ್ಟು ತನ್ನ ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಕೂತಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. “ಉಪ್ಪು ಹಾಕಿದೀಯಾ?” ಅಂದರೆ “ಹಾಕಿದೀನಿ.” “ಫೋನೆಲ್ಲ ಆಯ್ತಾ?” ಅಂದರೆ “ಆಯ್ತು. ನಿಜವಾಗಿ ಮಾಡಿದೀನಿ.”

“ತಾಯಿ ಹತ್ತಿರ ಮಾತಾಡೋ ರೀತೀನಾ ಅದು?” ಅಂದ ಗಂಡ.

“ಬಿಡ್ರೀ. ಸರಿಯಾಗೇ ಹೇಳಿದ್ಲು,” ಅಂದಳು ಟೀಚರಮ್ಮ.

ಅವಳು ಬಟ್ಟೆ ಒಗೆಯುತ್ತಿದ್ದಾಗ ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. ಇಬ್ಬರೇ ಇದ್ದರು.

“ನೋಡು, ಮೇಡಂ ಕೇಳಿದ್ರೆ ನನ್ನ ಮೇಲೆ ಹಾಕಿಬಿಡು. ಅತ್ತೆ ಊಟ ಬಿಟ್ಟು ಕೂತ್ರು, ಏನು ಮಾಡ್ಲಿ ಅನ್ನು. ನನ್ನನ್ನ ಯಾರು ಏನು ಮಾಡ್ತಾರೆ? ಮುದುಕಿ, ಬುದ್ಧಿ ಅಷ್ಟೇ ಅಂತಾರೆ.”

ಅವಳು ಸೀರೆ ಹಿಂಡುತ್ತಾ ನಿಂತಳು. ಹೌದಲ್ಲ ಅನಿಸಿತು. ಹಾಗನಿಸಿದ್ದಕ್ಕೇ ಮತ್ತೆ ನಾಚಿಕೆಯಾಯಿತು.

“ನೀವು ಹೋಗಬೇಡ ಅಂದ್ರಿ ಅತ್ತೆ. ಸುಳ್ಳು ಬರಿ ಅಂತ ಹೇಳಲಿಲ್ಲ.”

ಅತ್ತೆ ಕುರ್ಚಿಯ ಕೈ ಸವರುತ್ತಾ, “ನನಗೇನು ಗೊತ್ತು, ಅದೊಂದು ಮಗು ಅಂತ ನಾನೂ ಅಂದ್ಕೊಳ್ಳಲಿಲ್ಲ. ಓಣಿ ಅಂತ ಅಂದ್ಕೊಂಡೆ,” ಅಂದರು.

ಅದಾಗಿ ಮೂರು ದಿನಕ್ಕೆ ಪೇಂಟರ್ ಬಂದ. ಆಸ್ಪತ್ರೆಯಿಂದ ಬಿಟ್ಟು ವಾರವಾಗಿತ್ತು. ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಬಾಗಿಲ ಹೊರಗೇ ನಿಂತು ಕೈಮುಗಿದ.

“ಕೂತ್ಕೊಳ್ಳಿ,” ಅಂತ ಗಂಡ ಸ್ಟೂಲು ಹಾಕಿದ.

“ಇಲ್ಲ, ನಿಂತೇ ಹೇಳ್ತೀನಿ. ಕೂತ್ರೆ ಏಳೋದು ಕಷ್ಟ. ಮೇಡಂ ಎಲ್ಲ ಹೇಳಿದ್ರು. ನಿಮ್ಮ ಮನೆಯಿಂದ ಫೋನು ಹೋಗದೇ ಇದ್ದಿದ್ರೆ ನನ್ನ ಮಗಳು ಉಳೀತಿರಲಿಲ್ಲ ಅಂತ ಡಾಕ್ಟ್ರು ಅಂದ್ರು. ನಂಜು ಏರ್ತಾ ಇತ್ತಂತೆ. ನಿಮಗೇ ಅಷ್ಟು ಜ್ವರ ಇದ್ರೂ ನಮ್ಮ ಮಕ್ಕಳನ್ನ ನೆನಪಿಟ್ಟುಕೊಂಡ್ರಿ ಟೀಚರಮ್ಮ.”

ಈಗ ಹೇಳಬೇಕು ಅಂತ ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. “ಕೈ ಹೇಗಿದೆ?” ಅಂತ ಕೇಳಿದಳು.

“ವಾಸಿಯಾಗ್ತಿದೆ. ಎರಡು ಬೆರಳು ಮಡಿಸಿಕೊಂಡೇ ಇದೆ, ಬಿಚ್ಚಲ್ಲ. ದಿನಾ ಆಡಿಸಬೇಕಂತೆ. ನೋವಾಗುತ್ತೆ ಅಂತ ಅಳ್ತಾಳೆ, ಆಮೇಲೆ ಅವಳೇ ಆಡಿಸ್ಕೋತಾಳೆ.”

ಗಂಡ ನೆಲ ನೋಡುತ್ತಿದ್ದ. ಮಗಳು ಕಿಟಕಿಯ ಹತ್ತಿರದಿಂದ ಎದ್ದು, ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ನಡೆದಳು. ಪೇಂಟರ್ ಮತ್ತೊಂದು ಸಲ ಕೈಮುಗಿದು ಹೋದ. ಅವನಿಗೆಂದು ಮಾಡಿದ ಟೀ ಸ್ಟೂಲಿನ ಮೇಲೆ ಆರಿತು.

ಒಂಬತ್ತು ದಿನ ಸುಳ್ಳು ಬರೆದದ್ದಕ್ಕಿಂತ ಆ ಎರಡು ನಿಮಿಷ ಸುಮ್ಮನಿದ್ದದ್ದು ಅವಳಿಗೆ ಹೆಚ್ಚು ಕೊರೆಯಿತು. ಮೊದಲನೆಯದಕ್ಕೆ ಭಯ ಅನ್ನಬಹುದಿತ್ತು. ಎರಡನೆಯದಕ್ಕೆ ಏನನ್ನಬೇಕು?

ಮರುದಿನ ಅವಳೇ ಪುಸ್ತಕ ತೆಗೆದುಕೊಂಡು ಮೇಡಂ ಹತ್ತಿರ ಹೋದಳು. ಮಕ್ಕಳ ಮನೆಯ ಖಾಲಿ ಕೋಣೆಯಲ್ಲಿ ಮೇಡಂ ಒಬ್ಬರೇ ಪೆಟ್ಟಿಗೆಗಳ ನಡುವೆ ಕೂತಿದ್ದರು. ಆ ಹಾಳೆಗಳನ್ನು ಓದಿ ಕನ್ನಡಕ ತೆಗೆದರು.

“ಬೇರೆ ಮಗು ಹೆಸರಿನ ಮುಂದೆ ಬರೆಯೋದನ್ನ ಇಲ್ಲಿ ಬರ್ದಿರಬಹುದು. ಜ್ವರ ಶುರುವಾಗಿತ್ತೇನೋ ಆಗಲೇ?”

ಅವರೇ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಿದ್ದರು. ಹನ್ನೊಂದು ವರ್ಷದ ಕೆಲಸದ ಮೇಲಿನ ಗೌರವಕ್ಕೆ ಬಿಟ್ಟ ದಾರಿ ಅದು.

“ಇಲ್ಲ ಮೇಡಂ. ಜ್ವರ ಇರಲಿಲ್ಲ. ಫೋನು ಸಿಗಲಿಲ್ಲ. ಹೋಗೋಕೆ ಹೆದರಿಕೆ ಆಯ್ತು. ನಿಮಗೆ ಹೇಳೋಕೆ ಅವಮಾನ ಆಯ್ತು. ಅದಕ್ಕೆ ಬರೆದೆ.”

“ಹೆದರಿಕೆ ಅಂದಿದ್ರೆ ನಾನು ಹೋಗ್ತಿದ್ದೆನಲ್ಲ.”

“ಗೊತ್ತಿತ್ತು.”

ಮೇಡಂ ಪುಸ್ತಕ ಮುಚ್ಚಿ ತಮ್ಮ ಪಕ್ಕಕ್ಕಿಟ್ಟುಕೊಂಡರು. ಬೈದಿದ್ದರೆ ವಾಸಿಯಿತ್ತು. “ಇನ್ನು ಮೇಲೆ ನೀವು ಪ್ಯಾಕಿಂಗ್ ನೋಡಿಕೊಳ್ಳಿ. ಮಕ್ಕಳ ಪುಸ್ತಕ ಬೇರೆಯವರು ಬರೀಲಿ,” ಅಂದರು. ಆಮೇಲೆ, “ಪೇಂಟರಿಗೆ ನಾನು ಹೇಳಲಾ, ನೀವು ಹೇಳ್ತೀರಾ?” ಅಂತ ಕೇಳಿದರು.

“ನಾನೇ ಹೇಳ್ತೀನಿ.”

ಅವಳು ಅಲ್ಲಿಂದ ಮನೆಗೆ ಬರಲಿಲ್ಲ, ನೇರ ಆ ಓಣಿಗೇ ಹೋದಳು. ಗಿರಣಿ ದಾಟಿ ಹದಿನಾಲ್ಕು ಹೆಜ್ಜೆ. ಇಷ್ಟೇ ದೂರ. ಪೇಂಟರ್ ಬಾಗಿಲಲ್ಲಿ ಕೂತು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದ. ಒಳಗೆ ಅಕ್ಕ ತಮ್ಮ ಏನೋ ಕಿತ್ತಾಡುತ್ತಿದ್ದರು. ಅವಳು ನಿಂತಲ್ಲೇ, ಮಧ್ಯೆ ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ಹಾಡು, ಒಗಟು, ಹಲ್ಲು, ಯಾವುದನ್ನೂ ಬಿಡಲಿಲ್ಲ.

ಪೇಂಟರ್ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿ, ಪಕ್ಕಕ್ಕಿಟ್ಟ.

“ಪೆಟ್ಟಿಗೆ ಜೊತೆ ಮೊದಲ ವಾರ ಒಂದು ಚೀಟಿ ಬಂದಿತ್ತು,” ಅಂದ. “ಎರಡು ದಿನ ಫೋನು ಸಿಗದಿದ್ರೆ ನಾವೇ ಬಾಗಿಲಿಗೆ ಬರ್ತೀವಿ ಅಂತ. ನನಗೆ ಓದೋಕೆ ಅಷ್ಟಾಗಿ ಬರಲ್ಲ, ಮಗಳೇ ಓದಿ ಹೇಳಿದ್ದಳು.”

“ಹೌದು. ಬರೆದಿದ್ದು ನಾನೇ.”

“ಆಂಬುಲೆನ್ಸ್ ಬಂದಾಗ ನಾನು ಹತ್ತಲ್ಲ ಅಂದೆ. ಮಕ್ಕಳನ್ನ ಬಿಟ್ಟು ಹೇಗೆ ಹೋಗ್ಲಿ? ಆಮೇಲೆ ಲೆಕ್ಕ ಹಾಕಿದೆ. ಫೋನು ಆಫ್ ಆಗಿ ಮೂರು ದಿನ ಆಯ್ತು. ಇವತ್ತೋ ನಾಳೆಯೋ ಟೀಚರಮ್ಮ ಬಂದೇ ಬರ್ತಾರೆ. ಮಗಳಿಗೂ ಹಾಗೇ ಹೇಳಿದೆ, ಬಾಗಿಲ ಹತ್ತಿರಾನೇ ಇರು ಅಂತ. ಅದಕ್ಕೇ ನಾನು ಗಾಡಿ ಹತ್ತಿದ್ದು.”

ಅವನು ದನಿ ಏರಿಸಿರಲಿಲ್ಲ. ಬ್ರಷ್ಷುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಜೋರಾಗಿ ಹಾಕಲೂ ಇಲ್ಲ.

ಮನೆಗೆ ಬಂದಾಗ ಮಗಳು ಅಕ್ಕಿ ಆರಿಸುತ್ತಿದ್ದಳು. ಅಮ್ಮನ ಮುಖ ನೋಡಿ ಕೈ ನಿಲ್ಲಿಸಿದಳು.

“ಹೇಳಿದ್ಯಾ?”

“ಇಬ್ಬರಿಗೂ.”

“ಏನಂದ್ರು?”

ಟೀಚರಮ್ಮ ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಮಗಳ ಕಣ್ಣು ತುಂಬಿತು. ಆದರೆ ಅವಳು ಎದ್ದು ಬಂದು ಅಮ್ಮನನ್ನು ತಬ್ಬಿಕೊಳ್ಳಲಿಲ್ಲ. ಮೊರವನ್ನು ನಡುವೆ ಸರಿಸಿ ಜಾಗ ಬಿಟ್ಟಳು. ಇಬ್ಬರೂ ಕತ್ತಲಾಗುವ ತನಕ ಕಲ್ಲು ಆರಿಸಿದರು. ಅತ್ತೆ ಕುರ್ಚಿಯಲ್ಲಿ ಕೂತು ಅಪ್ಪಣೆ ಯಾವುದೂ ಕೊಡಲಿಲ್ಲ.

ಕಾಯಿಲೆ ಇಳಿದು ಮಕ್ಕಳ ಮನೆಯ ಬೀಗ ತೆಗೆಯುವ ಹೊತ್ತಿಗೆ ಮತ್ತೆ ಎರಡು ತಿಂಗಳಾಯಿತು. ಟೀಚರಮ್ಮ ಹಿಂದಿನ ಕೋಣೆಯಲ್ಲಿ ಹಾಲು ಕಾಯಿಸಿ, ಲೋಟ ತೊಳೆದು, ಸಾಮಾನು ಎಣಿಸಿಡುತ್ತಿದ್ದಳು. ಮುಂದಿನ ಕೋಣೆಗೆ ಹೊಸಬಳೊಬ್ಬಳು ಬಂದಿದ್ದಳು. ಮಕ್ಕಳಿಗೆ ಇದರ ಕಾರಣ ಗೊತ್ತಿರಲಿಲ್ಲ. ದೊಡ್ಡವರಿಗೆಲ್ಲ ಗೊತ್ತಿತ್ತು. ಕೆಲವರು ಗೇಟಿನಲ್ಲಿ ಎದುರಾದರೆ ನಮಸ್ಕಾರ ಅನ್ನುತ್ತಿದ್ದರು, ಕೆಲವರಿಗೆ ಥಟ್ಟನೆ ಚಪ್ಪಲಿ ಸರಿಮಾಡಿಕೊಳ್ಳುವ ಕೆಲಸ ಬರುತ್ತಿತ್ತು.

ಪೇಂಟರ್ ಮಗಳನ್ನು ಕಳಿಸುತ್ತಾನೋ ಇಲ್ಲವೋ ಅಂತ ಅವಳು ಯಾರನ್ನೂ ಕೇಳಿರಲಿಲ್ಲ. ಎರಡನೇ ವಾರ ಕಳಿಸಿದ. ತಾನೇ ಕರೆತಂದು ಗೇಟಿನ ಹೊರಗೆ ನಿಂತ.

ಹಾಲಿನ ಹೊತ್ತಿಗೆ ಬಟಾಣಿ ಹಿಂದಿನ ಕೋಣೆಗೆ ಬಂದಳು. ಮೊದಲಿನಷ್ಟು ದುಂಡಗಿರಲಿಲ್ಲ. ಬಲಗೈಯ ಚರ್ಮ ಮಣಿಕಟ್ಟಿನ ತನಕ ನುಣ್ಣಗೆ, ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೊನೆಯ ಎರಡು ಬೆರಳು ಅಂಗೈಗೆ ಮಡಿಚಿಕೊಂಡಿದ್ದವು. ಎಡಗೈಯಲ್ಲಿ ಒಂದು ಕ್ರಯಾನ್ ಡಬ್ಬಿ.

“ಟೀಚರಮ್ಮ, ಇದರ ಮುಚ್ಚಳ ತುಂಬ ಬಿಗಿ.”

ಅವಳು ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡಳು. ಮುಚ್ಚಳಕ್ಕೆ ಉಗುರು ಹಾಕುವಷ್ಟರಲ್ಲಿ ಹುಡುಗಿ, “ನೀವು ತೆಗೀಬೇಡಿ,” ಅಂದಳು. “ನಾನೇ ತೆಗೀಬೇಕು. ಬೆರಳಿಗೆ ವ್ಯಾಯಾಮ ಅಂತ ಅಪ್ಪ ಹೇಳಿದಾರೆ. ನೀವು ಗಟ್ಟಿಯಾಗಿ ಹಿಡ್ಕೊಳ್ಳಿ ಸಾಕು.”

ಟೀಚರಮ್ಮ ಬಗ್ಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಹುಡುಗಿ ಆ ಎರಡು ಬೆರಳನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಎಳೆದಳು. ಜಾರಿತು. ಹಲ್ಲು ಕಚ್ಚಿಕೊಂಡು ಮತ್ತೆ ಸಿಕ್ಕಿಸಿದಳು. ಮತ್ತೆ ಜಾರಿತು. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಪೇಂಟರ್ ಇನ್ನೂ ಅಲ್ಲೇ ನಿಂತು ಇತ್ತಲೇ ನೋಡುತ್ತಿದ್ದ.

“ಅಲ್ಲಾಡಿಸಬೇಡಿ,” ಅಂದಳು ಬಟಾಣಿ.

“ಇಲ್ಲ,” ಅಂದಳು ಟೀಚರಮ್ಮ. ಗೇಟಿನ ಕಡೆಯಿಂದ ದೃಷ್ಟಿ ತೆಗೆದು, ಆ ಕೈಯನ್ನೇ ನೋಡುತ್ತಾ ನಿಂತಳು.